ತೋನ್ಸೆಪಾರಿನ ಕಲ್ಲುಕಂಬಗಳು: ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವವರಿಗೆ

ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೆ ನಾನು ಎರಡು ಬಾರಿ ಹೋಗಿದ್ದೇನೆ. ಮೊದಲ ಬಾರಿ ಹೋದದ್ದು ಮೇ ತಿಂಗಳ ಒಂದು ಭಾನುವಾರ, ನಡುಮಧ್ಯಾಹ್ನ. ಕಾಯ್ದ ಮರಳಿನ ಮೇಲೆ ನಿಲ್ಲಲಾಗದೆ ತೆಂಗಿನ ಮರದ ನೆರಳು ಹುಡುಕುತ್ತ ಕುಳಿತು, ನಾಲ್ಕು ಫೋಟೊ ತೆಗೆದು, ದೋಣಿಯವರು ಕರೆದ ಕೂಡಲೇ ಹತ್ತಿ ಹಿಂದಿರುಗಿದ್ದೆ. ಆ ಕಲ್ಲುಗಳು ಏನು, ಹೇಗೆ ಹುಟ್ಟಿದವು, ಅವುಗಳಿಗೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ಮನ್ನಣೆ ಏಕೆ ದೊರೆಯಿತು ಎಂಬುದೊಂದನ್ನೂ ತಿಳಿಯದೆ ಬಂದಿದ್ದ ಆ ಪ್ರವಾಸ ವ್ಯರ್ಥವಾಯಿತೆಂದೇ ಹೇಳಬೇಕು. ಕಳೆದ ಡಿಸೆಂಬರ್‌ನಲ್ಲಿ ತಾಯಿ, ಹೆಂಡತಿ ಮತ್ತು ಎಂಟನೆಯ ತರಗತಿಯಲ್ಲಿರುವ ಮಗಳೊಂದಿಗೆ ಮತ್ತೆ ಹೋದಾಗ ಸ್ವಲ್ಪ ಓದಿಕೊಂಡು, ಸಮಯ ನೋಡಿಕೊಂಡು ಹೋದೆ. ಅದೇ ದ್ವೀಪ ಬೇರೆಯಾಗಿಯೇ ಕಂಡಿತು. ಈ ಬರಹ ಆ ಎರಡನೆಯ ಪ್ರವಾಸದ ಆಧಾರದಿಂದ ಬರೆದದ್ದು.

ನಾವು ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆ, ಹೆಬ್ರಿ ಮಾರ್ಗವಾಗಿ ಕಾರಿನಲ್ಲಿ ಉಡುಪಿಗೆ ಬಂದು, ಹಿಂದಿನ ರಾತ್ರಿ ಅಲ್ಲಿಯೇ ತಂಗಿದೆವು. ರೈಲಿನಲ್ಲಿ ಬರುವವರಿಗೆ ಕೊಂಕಣ ರೈಲ್ವೆಯ ಉಡುಪಿ ನಿಲ್ದಾಣ ಇಂದ್ರಾಳಿಯಲ್ಲಿದೆ. ವಿಮಾನದಲ್ಲಿ ಬರುವವರು ಮಂಗಳೂರಿನಲ್ಲಿ ಇಳಿದು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉತ್ತರಕ್ಕೆ ಬರಬೇಕು. ಉಡುಪಿಯಿಂದ ಮಲ್ಪೆಗೆ ಆರು ಕಿಲೋಮೀಟರಿನಷ್ಟು ದಾರಿ, ಸಿಟಿ ಬಸ್ಸುಗಳು ಧಾರಾಳವಾಗಿವೆ. ಹಿಂದಿನ ರಾತ್ರಿಯೇ ಉಡುಪಿಯಲ್ಲೋ ಮಲ್ಪೆಯಲ್ಲೋ ಉಳಿಯುವುದು ಒಳ್ಳೆಯದೆಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಈ ಪ್ರವಾಸದ ಲಾಭನಷ್ಟವೆಲ್ಲ ಬೆಳಗಿನ ಮೊದಲ ದೋಣಿ ಸಿಗುತ್ತದೆಯೋ ಇಲ್ಲವೋ ಎಂಬುದರ ಮೇಲೆ ನಿಂತಿದೆ.

ದೋಣಿಗಳು ಮಲ್ಪೆಯ ಮೀನುಗಾರಿಕೆ ಬಂದರಿನ ಕಡೆಯಿಂದಲೂ ಕಡಲತೀರದಿಂದಲೂ ಹೊರಡುತ್ತವೆ. ಬಂದರಿನ ದೊಡ್ಡ ದೋಣಿಗಳು ನಿಗದಿತ ಸಂಖ್ಯೆಯ ಜನ ಸೇರಿದ ಮೇಲೆಯೇ ಹೊರಡುವುದರಿಂದ ವಾರದ ನಡುವಿನ ದಿನಗಳಲ್ಲಿ ಸ್ವಲ್ಪ ಕಾಯಬೇಕಾಗಬಹುದು. ರಜಾದಿನಗಳಲ್ಲಿ ಕಾಯುವಿಕೆ ಇಲ್ಲ, ಆದರೆ ನೂಕುನುಗ್ಗಲು. ನನ್ನನ್ನು ಕೇಳಿದರೆ ಕಾಯುವುದೇ ಮೇಲು. ದರ ಆಗಾಗ ಬದಲಾಗುವುದರಿಂದ ಅಂಕಿ ಬರೆಯುವುದಿಲ್ಲ. ಟಿಕೆಟು ಕೊಳ್ಳುವಾಗಲೇ ಹೋಗಿಬರುವ ಎರಡೂ ದಾರಿಯ ಹಣ ಅದರಲ್ಲಿ ಸೇರಿದೆಯೇ, ದ್ವೀಪದಲ್ಲಿ ಎಷ್ಟು ಹೊತ್ತು ಇರಬಹುದು, ಮುಂದಿನ ದೋಣಿಯಲ್ಲಿ ಹಿಂದಿರುಗಲು ಅವಕಾಶವಿದೆಯೇ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಮೊದಲ ಬಾರಿ ನಾನು ಇದನ್ನು ಕೇಳಿರಲಿಲ್ಲ. ಒಂದು ಗಂಟೆಯಷ್ಟೇ ಸಮಯವೆಂದು ದ್ವೀಪದಲ್ಲಿ ಇಳಿದ ಮೇಲೆ ತಿಳಿಯಿತು.

ಮಳೆಗಾಲದಲ್ಲಿ, ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ದ್ವೀಪಕ್ಕೆ ಹೋಗಲಾಗದು. ಆ ದಿನಗಳ ಅರಬ್ಬಿ ಸಮುದ್ರವನ್ನು ಮಲ್ಪೆಯ ದಡದಲ್ಲಿ ಒಮ್ಮೆ ನಿಂತು ನೋಡಿದವರಿಗೆ ಕಾರಣ ಕೇಳಬೇಕೆನಿಸುವುದಿಲ್ಲ. ಅಕ್ಟೋಬರ್‌ನಿಂದ ಮೇ ನಡುವೆ ದೋಣಿಗಳು ಓಡುತ್ತವೆ, ಆದರೂ ಗಾಳಿ ಬಲವಾದ ದಿನ ನಿಲ್ಲಿಸಬಹುದು. ನವೆಂಬರ್‌ನಿಂದ ಫೆಬ್ರವರಿಯವರೆಗಿನ ಅವಧಿಯೇ ಉತ್ತಮ: ಕಡಲು ಶಾಂತ, ಬಿಸಿಲು ಸಹ್ಯ.

ಪ್ರಯಾಣ ಸುಮಾರು ಅರ್ಧ ಗಂಟೆಯದು. ದ್ವೀಪದ ಬಳಿ ನೀರು ಆಳವಿಲ್ಲದಿರುವುದರಿಂದ ದೊಡ್ಡ ದೋಣಿಯಿಂದ ಚಿಕ್ಕದಕ್ಕೆ ದಾಟಿ ಮರಳಿನ ಬಳಿ ಇಳಿಯಬೇಕಾಗುವುದುಂಟು. ನಾವು ಹೋದ ದಿನವೂ ಹಾಗೆಯೇ ಆಯಿತು. ಎಪ್ಪತ್ತು ದಾಟಿದ ನನ್ನ ತಾಯಿಗೆ ಅದೇ ಕಷ್ಟವಾದ ಘಟ್ಟ. ದೋಣಿಯ ಹುಡುಗರಿಬ್ಬರು, "ಅಮ್ಮ, ಅವಸರ ಬೇಡ, ಅಲೆ ಇಳಿಯಲಿ," ಎಂದು ಹೇಳಿ ಎರಡೂ ಕೈ ಹಿಡಿದು ಇಳಿಸಿದರು. ಮೊಣಕಾಲು ನೋವಿರುವ ಹಿರಿಯರನ್ನು ಕರೆದೊಯ್ಯುವವರು ಈ ಏರಿಳಿತವನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸೀರೆ, ಪಂಚೆ, ಪ್ಯಾಂಟು ಏನೇ ಇರಲಿ, ಮೊಣಕಾಲಿನವರೆಗೆ ನೆನೆಯುತ್ತದೆ.

ಇಲ್ಲಿರುವುದು ಒಂದೇ ದ್ವೀಪವಲ್ಲ. ಕರಾವಳಿಗೆ ಸಮಾನಾಂತರವಾಗಿ ಉತ್ತರ ದಕ್ಷಿಣವಾಗಿ ಹಬ್ಬಿರುವ ದ್ವೀಪಗಳ ಸಾಲಿದು. ತೆಂಗಿನ ದ್ವೀಪ, ಉತ್ತರ ದ್ವೀಪ, ದರಿಯಾ ಬಹಾದ್ದೂರ್‌ಗಡ ಮತ್ತು ದಕ್ಷಿಣ ದ್ವೀಪ ಇವುಗಳಲ್ಲಿ ಮುಖ್ಯವಾದವು. ಪ್ರವಾಸಿಗರು ಇಳಿಯುವುದು ತೆಂಗಿನ ದ್ವೀಪದಲ್ಲಿ, ಕಲ್ಲುಕಂಬಗಳು ಅತ್ಯಂತ ಸ್ಪಷ್ಟವಾಗಿ ಕಾಣುವುದೂ ಅಲ್ಲಿಯೇ. ತೋನ್ಸೆಪಾರ್ ಎಂಬುದು ಇದಕ್ಕಿರುವ ಸ್ಥಳೀಯ ಹೆಸರು. ಸೇಂಟ್ ಮೇರಿಯ ಹೆಸರು ಬಂದದ್ದು ವಾಸ್ಕೋ ಡ ಗಾಮನಿಂದ. 1498ರಲ್ಲಿ ಅವನು ಇಲ್ಲಿ ಮೇರಿಮಾತೆಯ ಹೆಸರಿನಲ್ಲಿ ಕಲ್ಲಿನ ಗುರುತುಕಂಬವನ್ನು ನೆಟ್ಟನೆಂದು ಹೇಳುತ್ತಾರೆ. ಅವನು ಇಲ್ಲಿಗೆ ಬಂದು ಆಮೇಲೆ ಕೋಳಿಕೋಡಿಗೆ ಹೋದನೆಂಬ ಮಾತು ಹೆಚ್ಚು ಪ್ರಚಲಿತವಾಗಿದೆ. ಆದರೆ ಆ ಯಾನದ ದಿನಚರಿಯ ಪ್ರಕಾರ ಸೇಂಟ್ ಮೇರಿಯ ಕಂಬ ನೆಟ್ಟದ್ದು ಆಗಸ್ಟ್ ಕೊನೆಯಲ್ಲಿ ಕೋಳಿಕೋಡನ್ನು ಬಿಟ್ಟು ಉತ್ತರಕ್ಕೆ ಸಾಗುವಾಗ. ಆ ಕಂಬ ಈಗ ಇಲ್ಲ. ಪ್ರಕೃತಿ ನಿಲ್ಲಿಸಿದ ಕಂಬಗಳು ಮಾತ್ರ ಇವೆ.

ಆ ಕಂಬಗಳ ವಿಷಯಕ್ಕೆ ಬರುತ್ತೇನೆ. ದೋಣಿಯಿಂದ ಇಳಿದವರಲ್ಲಿ ಹೆಚ್ಚಿನವರು ಹತ್ತಿರದ ಮರಳಿನಲ್ಲಿಯೇ ನಿಂತುಬಿಡುತ್ತಾರೆ. ನೀವು ನಿಲ್ಲಬೇಡಿ. ತೆಂಗಿನ ಮರಗಳನ್ನು ದಾಟಿ ತೆರೆದ ಸಮುದ್ರದ ಕಡೆಗೆ ನಡೆಯಿರಿ. ಅಲ್ಲಿ ಅಲೆಗಳು ಮಣ್ಣನ್ನೂ ಸಡಿಲ ಕಲ್ಲನ್ನೂ ತೊಳೆದು ಒಯ್ದಿರುವ ಕಡೆ ಕಂಬಗಳು ಒತ್ತೊತ್ತಾಗಿ ಎದ್ದು ನಿಂತಿವೆ. ಎತ್ತರದವು ಆರು ಮೀಟರಿನಷ್ಟಿವೆ. ಗಿಡ್ಡವಾದವು ಮೆಟ್ಟಿಲುಗಳಂತೆ ನೀರಿಗೆ ಇಳಿಯುತ್ತವೆ. ಇನ್ನು ಕೆಲವು ಕಡೆ ತಲೆ ಮಾತ್ರ ಕಂಡು, ಯಾರೋ ಅಳತೆ ಮಾಡಿ ಹಾಸಿದ ನೆಲಗಲ್ಲಿನಂತೆ ಹರಡಿಕೊಂಡಿವೆ. ಮಗಳು ಒಂದೊಂದು ಕಲ್ಲಿನ ಸುತ್ತ ಬೆರಳಾಡಿಸಿ ಮುಖಗಳನ್ನು ಎಣಿಸತೊಡಗಿದಳು. ಐದು ಮತ್ತು ಆರು ಮುಖದವೇ ಹೆಚ್ಚು, ಅಲ್ಲಲ್ಲಿ ಏಳು.

ಇದು ಹೇಗಾಯಿತೆಂದು ಅವಳಿಗೆ ವಿವರಿಸಲು ನಮ್ಮೂರ ಕೆರೆಯೇ ನೆರವಿಗೆ ಬಂತು. ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳದ ಮಣ್ಣು ನೀರಾರಿ ಕುಗ್ಗುವಾಗ ಬಿರುಕು ಬಿಟ್ಟು ಬಹುಭುಜದ ಹೆಂಟೆಗಳಾಗುತ್ತದೆಯಲ್ಲವೇ? ಭೂಮಿಯ ಒಳಗಿನಿಂದ ಹೊರಬಂದ ಲಾವಾ ಕೂಡ ತಣ್ಣಗಾಗುತ್ತ ಕುಗ್ಗುತ್ತದೆ, ಕುಗ್ಗುವಾಗ ಬಿರಿಯುತ್ತದೆ. ಮೂರು ಬಿರುಕುಗಳು ಒಂದೆಡೆ ಸೇರುವಲ್ಲಿ ಸುಮಾರು 120 ಡಿಗ್ರಿಯ ಕೋನಗಳಾದರೆ ಎಳೆತ ಎಲ್ಲ ಕಡೆಗೂ ಸಮನಾಗಿ ಸಡಿಲುತ್ತದೆ; ಆದ್ದರಿಂದಲೇ ಆರು ಮುಖದ ಆಕಾರಕ್ಕೆ ಒಲವು. ಲಾವಾ ಹೊರಮೈಯಿಂದ ಒಳಕ್ಕೆ ತಣಿಯುತ್ತ ಹೋದಂತೆ ಬಿರುಕುಗಳೂ ಒಳಕ್ಕೆ ಬೆಳೆಯುತ್ತವೆ, ಕೊನೆಗೆ ಉಳಿಯುವುದು ಕಂಬಗಳ ಸಾಲು. ಬಿರುಕು ಯಾವಾಗಲೂ ತಣಿಯುವ ಮೈಗೆ ಲಂಬವಾಗಿ ಸಾಗುವುದರಿಂದ, ವಾಲಿರುವ ಕಂಬಗಳನ್ನು ಕಂಡಾಗ ಆ ಭಾಗದ ಲಾವಾದ ಮೈ ಸಮತಟ್ಟಾಗಿರಲಿಲ್ಲವೆಂದು ಊಹಿಸಬಹುದು. ಇಷ್ಟು ತಿಳಿದ ಮೇಲೆ ಮಗಳು ನೆಟ್ಟಗಿನ ಕಂಬಗಳನ್ನು ಬಿಟ್ಟು ಓರೆಯವನ್ನೇ ಹುಡುಕುತ್ತ ಹೊರಟಳು.

ಎರಡು ತಪ್ಪು ಕಲ್ಪನೆಗಳನ್ನು ಇಲ್ಲಿ ತಿದ್ದುವುದು ಅಗತ್ಯ. ಇದನ್ನು ಬಸಾಲ್ಟ್ ಎಂಬ ಕಪ್ಪು ಲಾವಾಶಿಲೆಯೆಂದು, ದಖ್ಖನ್ ಪ್ರಸ್ಥಭೂಮಿಯ ಲಾವಾದ ತುಣುಕೆಂದು ಅನೇಕರು ಬರೆಯುತ್ತಾರೆ. ಎರಡೂ ಸರಿಯಲ್ಲ. ಇದು ಸಿಲಿಕಾ, ಅಂದರೆ ಮರಳಿನಲ್ಲಿರುವ ಮುಖ್ಯ ಖನಿಜದ ಅಂಶ, ಬಸಾಲ್ಟಿಗಿಂತ ಹೆಚ್ಚಿರುವ ರಯೋಲೈಟ್, ಡೇಸೈಟ್ ಬಗೆಯ ಲಾವಾ. ದಖ್ಖನ್ನಿನ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ತೋನ್ಸೆಪಾರಿನ ಕಲ್ಲುಗಳಿಗೆ ವಿಜ್ಞಾನಿಗಳು ಅಳೆದ ವಯಸ್ಸು ಹೆಚ್ಚುಕಡಿಮೆ 8.5 ಕೋಟಿಯಿಂದ 9 ಕೋಟಿ ವರ್ಷ. ಅಂದು ಭಾರತ ಮತ್ತು ಮಡಗಾಸ್ಕರ್ ಒಂದಾಗಿದ್ದ ಭೂಭಾಗ ಸೀಳತೊಡಗಿತ್ತು, ಆ ಸೀಳಿನ ಕಾಲದ ಲಾವಾ ಇದು. ಇದೇ ಕಾಲದ ಜ್ವಾಲಾಮುಖಿ ಶಿಲೆಗಳು ಮಡಗಾಸ್ಕರ್‌ನಲ್ಲಿಯೂ ಇವೆ. ಪಶ್ಚಿಮಕ್ಕೆ ಮುಖ ಮಾಡಿ ಆ ಕಂಬಗಳ ಬಳಿ ನಿಂತಾಗ, ಈಗ ಕೊನೆಯೇ ಕಾಣದ ನೀರಿರುವ ಕಡೆ ಒಂದು ಕಾಲಕ್ಕೆ ನೆಲವಿತ್ತು ಎಂಬುದು ಮನಸ್ಸಿಗೆ ಇಳಿಯಲು ನನಗೆ ಸಾಕಷ್ಟು ಹೊತ್ತು ಬೇಕಾಯಿತು. ಎದುರು ದಡದ ಉಡುಪಿಯಲ್ಲಿ ಮನೆ ಕಟ್ಟುವ ಕೆಂಪು ಮುರಕಲ್ಲಿಗೂ ಇದಕ್ಕೂ ಯಾವ ಹೋಲಿಕೆಯೂ ಇಲ್ಲ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಗುರುತಿಸಿದ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಲ್ಲಿ ನಾಲ್ಕು ಕರ್ನಾಟಕದಲ್ಲಿವೆ, ಈ ದ್ವೀಪ ಅವುಗಳಲ್ಲಿ ಒಂದು. ಲಾಲ್‌ಬಾಗಿನ ಬಂಡೆ, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬುಲಾವಾ (ದಿಂಬಿನ ಆಕಾರದಲ್ಲಿ ಗಟ್ಟಿಯಾದ ಲಾವಾ) ಮತ್ತು ಕೋಲಾರದ ಚಿನ್ನದ ಗಣಿಯ ಸೀಮೆಯ ಜ್ವಾಲಾಮುಖಿ ಶಿಲೆಗಳು ಉಳಿದ ಮೂರು. ಆದರೆ ಇಲ್ಲಿ ಸುತ್ತಲೂ ಬೇಲಿ ಹಾಕಿ ಕಾಯುವುದು ಸಾಧ್ಯವಿಲ್ಲ. ಕಂಬಗಳ ಮೇಲೆ ಹೆಸರು ಕೆತ್ತಿರುವುದನ್ನು, ಬಿರುಕುಗಳಿಗೆ ಬಾಟಲಿಯ ಮುಚ್ಚಳ ತುರುಕಿರುವುದನ್ನು ಕಂಡು ನನಗೆ ನಿಜಕ್ಕೂ ಸಂಕಟವಾಯಿತು. ಒಂದು ಸಣ್ಣ ತುಂಡನ್ನೂ ನೆನಪಿಗೆಂದು ತರಬೇಡಿ. ಚಿಪ್ಪುಗಳ ವಿಷಯದಲ್ಲಿಯೂ ನನ್ನ ಮನವಿ ಅದೇ. ಇಲ್ಲಿನ ದಂಡೆಯ ದೊಡ್ಡ ಭಾಗ ಮರಳಲ್ಲ, ಅಲೆ ತಂದು ಹಾಕಿದ ಚಿಪ್ಪುಗಳ ರಾಶಿ. ಬಂದವರೆಲ್ಲ ಒಂದೊಂದು ಬೊಗಸೆ ಒಯ್ದರೆ ದಂಡೆಯೇ ಕರಗುತ್ತದೆ.

ಸಮಯದ ಬಗ್ಗೆ ಮತ್ತೊಂದು ಮಾತು. ಕಂಬಗಳ ಬುಡ ಕಾಣಬೇಕಾದರೆ ಇಳಿತದ, ಅಂದರೆ ಕಡಲಿನ ನೀರು ಇಳಿದಿರುವ, ಹೊತ್ತಿಗೆ ಅಲ್ಲಿರಬೇಕು. ಇಳಿತದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುವುದರಿಂದ, ಕಳೆದ ವಾರ ಹೋದವರ ಅನುಭವ ನಿಮಗೆ ಹೊಂದುವುದಿಲ್ಲ. ಬಂದರಿನ ಮೀನುಗಾರರಲ್ಲಿ ಹಿಂದಿನ ಸಂಜೆ ವಿಚಾರಿಸಿದರೆ ಖಚಿತವಾಗಿ ಹೇಳುತ್ತಾರೆ. ನಾವು ಹಾಗೆ ಕೇಳಿಕೊಂಡೇ ಹೋದದ್ದು. ಆದರೆ ಇಳಿತದಲ್ಲಿ ಹೊರಬರುವ ಕಲ್ಲುಗಳ ಮೇಲೆ ಪಾಚಿಯಿರುತ್ತದೆ, ಕಲ್ಲಿಗೆ ಅಂಟಿದ ಚಿಪ್ಪುಗಳ ಅಂಚು ಬ್ಲೇಡಿನಷ್ಟು ಹರಿತ. ಹವಾಯಿ ಚಪ್ಪಲಿ ಖಂಡಿತ ಬೇಡ, ಹಿಂಬದಿ ಪಟ್ಟಿಯಿರುವ, ಜಾರದ ಅಡಿಯ ಚಪ್ಪಲಿ ಬೇಕು. ಸಮುದ್ರದ ಕಡೆಯ ಅಂಚಿನ ಕಂಬಗಳ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುವ ಆಸೆಯನ್ನು ಬಿಡಿ. 2022ರ ಏಪ್ರಿಲ್‌ನಲ್ಲಿ ಪ್ರವಾಸಕ್ಕೆ ಬಂದಿದ್ದ ವಿದ್ಯಾರ್ಥಿಗಳು ಇಲ್ಲಿಯೇ ನೀರುಪಾಲಾದರು. ಕಲ್ಲುಗಳ ನಡುವೆ ನೀರು ಶಾಂತವಾಗಿ ಕಂಡರೂ ಒಂದು ದೊಡ್ಡ ಅಲೆ ಬಂದು ಹಿಂದೆ ಸರಿಯುವಾಗ ಅದರ ಸೆಳೆತ ಎಷ್ಟೆಂದು ಮೊಣಕಾಲುದ್ದ ನೀರಿನಲ್ಲಿ ನಿಂತವರಿಗೆ ಗೊತ್ತು. ಈಜಲು ಇದು ಸ್ಥಳವಲ್ಲ. ಕಾವಲು ಸಿಬ್ಬಂದಿ ಶಿಳ್ಳೆ ಹೊಡೆದರೆ ವಾದಿಸದೆ ಹಿಂದೆ ಬನ್ನಿ.

ದ್ವೀಪದಲ್ಲಿ ಜನವಸತಿಯಿಲ್ಲ, ರಾತ್ರಿ ಉಳಿಯುವಂತಿಲ್ಲ. ತಲೆಗೊಂದು ಲೀಟರಿಗೆ ಕಡಿಮೆಯಿಲ್ಲದಂತೆ ಕುಡಿಯುವ ನೀರನ್ನು ಸ್ಟೀಲ್ ಬಾಟಲಿಗಳಲ್ಲಿ ಒಯ್ಯಿರಿ. ಟೋಪಿ, ಒಂದು ಜೊತೆ ಒಣಬಟ್ಟೆ, ಫೋನಿಗೆ ನೀರು ತಾಗದ ಚೀಲ ಇರಲಿ. ಶೌಚದ ಅಗತ್ಯವನ್ನು ದಡದಲ್ಲಿಯೇ ಮುಗಿಸಿಕೊಳ್ಳುವುದು ಒಳಿತು, ವಿಶೇಷವಾಗಿ ಹಿರಿಯರು ಮತ್ತು ಮಕ್ಕಳು ಜೊತೆಗಿದ್ದಾಗ. ನಾವು ಬೆಳಿಗ್ಗೆ ಇಡ್ಲಿ ಕಟ್ಟಿಸಿಕೊಂಡು ಹೋಗಿದ್ದೆವಾದರೂ ದ್ವೀಪದಲ್ಲಿ ಬಿಚ್ಚಲಿಲ್ಲ; ಎಂಜಲೆಲೆ, ಕಾಗದ ಗಾಳಿಗೆ ಹಾರಿ ಸಮುದ್ರ ಸೇರುವುದನ್ನು ಬೇರೆ ಗುಂಪಿನವರಲ್ಲಿ ನೋಡಿದ್ದೇ ಸಾಕಾಗಿತ್ತು.

ಒಟ್ಟು ಎರಡು ಗಂಟೆ ಇದ್ದೆವು. ಹನ್ನೊಂದರ ನಂತರ ದೋಣಿಗಳು ಒಂದರ ಹಿಂದೊಂದು ಬಂದು ದಂಡೆ ತುಂಬಿತು, ಸದ್ದು ಏರಿತು. ಅಷ್ಟರೊಳಗೆ ನೋಡಬೇಕಾದದ್ದನ್ನು ನೋಡಿ ಮುಗಿಸಿದ್ದೆವು. ನಡೆಯಲಾರದ ತಾಯಿ ತೆಂಗಿನ ನೆರಳಿನ ಬಳಿಯ ಒಂದು ಗಿಡ್ಡ ಕಂಬದ ಮೇಲೆ ಕುಳಿತೇ ಇದ್ದರು. ಹೊರಡುವ ಹೊತ್ತಿಗೆ ಮೊಮ್ಮಗಳು ಬಂದು ಅವರನ್ನು ಎಬ್ಬಿಸಿ, ಅವರು ಕುಳಿತಿದ್ದ ಕಲ್ಲಿನ ಮುಖಗಳನ್ನು ಎಣಿಸಿದಳು. ಏಳು ಇದ್ದವು.