ಈಗ ಏನು ಓದ್ತಾ ಇದ್ದೀರಿ?

15 ಜೂನ್ 2025, ಭಾನುವಾರ

ಓದುಗರು ನಾಲ್ಕು ಜನ ಸೇರಿದ ಕಡೆ ‘ಈಗ ಏನು ಓದ್ತಾ ಇದ್ದೀರಿ’ ಅಂತ ಕೇಳಿದರೆ ಹೆಚ್ಚಾಗಿ ಪುಸ್ತಕದ ಹೆಸರು ಬರುತ್ತದೆ, ಹಿಂದೆಯೇ ‘ಚೆನ್ನಾಗಿದೆ’ ಅನ್ನುವ ಮಾತು. ಅಷ್ಟು ಕೇಳಿ ಯಾರೂ ಆ ಪುಸ್ತಕ ಹುಡುಕಿಕೊಂಡು ಹೋಗುವುದಿಲ್ಲ. ಇನ್ನು ಕೆಲವರು ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿಬಿಡುತ್ತಾರೆ. ಕೇಳಿದವರಿಗೆ ಓದಲು ಏನೂ ಉಳಿಯುವುದಿಲ್ಲ. ಹೀಗಾಗದಿರಲು, ಓದುಗರ ಕೂಟಕ್ಕೆ ಬರುವವರು ಪುಸ್ತಕವನ್ನೇ ಕೈಯಲ್ಲಿ ಹಿಡಿದು ಬರಬೇಕು. ಎಲ್ಲಿಯವರೆಗೆ ಓದಿದ್ದಾಗಿದೆ, ಎಲ್ಲಿ ಓದು ನಿಂತಿತು ಎಂದು ಹೇಳಬೇಕು. ಆಮೇಲೆ ಅರ್ಧ ಪುಟ ಜೋರಾಗಿ ಓದಬೇಕು. ಒಬ್ಬೊಬ್ಬರಿಗೆ 7 ನಿಮಿಷ ಕೊಟ್ಟರೆ 8 ಜನರದು ಒಂದು ಗಂಟೆಯೊಳಗೆ ಮುಗಿಯುತ್ತದೆ. ಜೋರಾಗಿ ಓದುವುದನ್ನು ಮಾತ್ರ ಬಿಡಬಾರದು. ಒಂದು ಪುಸ್ತಕ ತನಗೆ ಒಗ್ಗುತ್ತದೋ ಇಲ್ಲವೋ ಎಂದು ಕೇಳುವವನಿಗೆ ಗೊತ್ತಾಗುವುದು ಆ ಅರ್ಧ ಪುಟದಲ್ಲೇ. ಪುಟಸಂಖ್ಯೆಗಿಂತ ಅಧ್ಯಾಯದ ಸಂಖ್ಯೆ ಹೇಳುವುದು ಒಳ್ಳೆಯದು, ಏಕೆಂದರೆ ಮರುಮುದ್ರಣದಲ್ಲಿ ಅಕ್ಷರ ಜೋಡಣೆ ಬದಲಾದರೆ ಪುಟಗಳೂ ಬದಲಾಗುತ್ತವೆ.

2025ರ ಜೂನ್ ತಿಂಗಳಲ್ಲಿ ಎಲ್ಲರ ಬಾಯಲ್ಲೂ ಕತೆಗಾರ್ತಿ ಬಾನು ಮುಷ್ತಾಕ್. ಆ ವರ್ಷದ ಮೇ 20ರಂದು ಅವರ ಕನ್ನಡ ಕತೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಬಂದಿತು. ಅನುವಾದಿಸಿದವರು ದೀಪಾ ಭಾಸ್ತಿ, ಮತ್ತು ಈ ಪ್ರಶಸ್ತಿ ಒಂದು ಕಥಾಸಂಕಲನಕ್ಕೆ ಸಂದಿದ್ದು ಇದೇ ಮೊದಲು. ಕನ್ನಡದಲ್ಲಿ ಓದಲು ಹೊರಟವರು ತೊಡಕಿಗೆ ಸಿಕ್ಕುವುದು ಒಂದು ಕಡೆ. ಆ 12 ಕತೆಗಳು 1990ರಿಂದ 2023ರ ನಡುವೆ ಬರೆದವು, ಅನುವಾದಕ್ಕೆಂದು ಆರಿಸಿಕೊಂಡವು. ಯಾವುದೋ ಒಂದು ಹಳೆಯ ಸಂಕಲನ ಕೊಂಡು ಇಂಗ್ಲಿಷ್ ಪುಸ್ತಕದ ಪರಿವಿಡಿಯನ್ನು ಪಕ್ಕದಲ್ಲಿಟ್ಟರೆ ಎರಡೂ ತಾಳೆಯಾಗುವುದಿಲ್ಲ. ಹಾಗಾಗಿ ಕೊಳ್ಳುವ ಮೊದಲು ಪರಿವಿಡಿಯಲ್ಲಿ ಕತೆಯ ಹೆಸರು ನೋಡಿಕೊಳ್ಳಿ. ‘ಕರಿ ನಾಗರಗಳು’ ಕತೆಯಿಂದ ಶುರುಮಾಡಬಹುದು. ಗಿರೀಶ್ ಕಾಸರವಳ್ಳಿಯವರ ‘ಹಸೀನಾ’ ಚಿತ್ರಕ್ಕೆ ಆಧಾರ ಇದೇ ಕತೆ. ಗಂಡ ಕೈಬಿಟ್ಟ ಹೆಂಗಸೊಬ್ಬಳು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಆಡಳಿತ ನೋಡಿಕೊಳ್ಳುವ ಮುತವಲ್ಲಿಯ ಮುಂದೆ ನ್ಯಾಯ ಕೇಳುತ್ತಾಳೆ. ದಿನಕ್ಕೆ ಒಂದು ಕತೆ ಸಾಕು. ಒಂದೇ ಕೂತದ್ದಕ್ಕೆ ಐದಾರು ಓದಿದರೆ ಸಂಕಟವೆಲ್ಲ ಒಂದೇ ಬಣ್ಣದ್ದಾಗಿ, ಕತೆ ಕತೆಗೂ ಇರುವ ವ್ಯತ್ಯಾಸ ಅಳಿಸಿಹೋಗುತ್ತದೆ.

ಅರ್ಧಕ್ಕೇ ನಿಲ್ಲುವ ದೊಡ್ಡ ಪುಸ್ತಕಗಳಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಮುಂದಿದೆ. ಭಾಷೆ ಕಷ್ಟ ಎನ್ನುತ್ತಾರೆ. ನಿಜವಾದ ತೊಂದರೆ ಭಾಷೆಯದಲ್ಲ, ಮನೆಗಳದು. ಸಿಂಬಾವಿ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ, ಹಳೆಮನೆ ಎಂದು ಮನೆಯಿಂದ ಮನೆಗೆ ಕಾಡುದಾರಿಯಲ್ಲಿ ಕತೆ ನಡೆಯುತ್ತಲೇ ಇರುತ್ತದೆ. ಯಾರು ಯಾವ ಮನೆಯವರು ಎನ್ನುವುದು ತಪ್ಪಿತೋ, ಓದೂ ದಾರಿ ತಪ್ಪಿತು. ಒಂದು ಚೀಟಿಯಲ್ಲಿ ಮನೆಗಳ ಹೆಸರು ಬರೆದು, ಜನ ಬಂದಂತೆಲ್ಲ ಆಯಾ ಮನೆಯ ಕೆಳಗೆ ಸೇರಿಸುತ್ತ ಹೋಗಿ: ಸಿಂಬಾವಿಯ ಕೆಳಗೆ ಗುತ್ತಿ ಮತ್ತು ಅವನ ನಾಯಿ ಹುಲಿಯ, ಬೆಟ್ಟಳ್ಳಿಯ ಕೆಳಗೆ ತಿಮ್ಮಿ, ಕೋಣೂರಿನ ಕೆಳಗೆ ಮುಕುಂದಯ್ಯ, ಹೂವಳ್ಳಿಯ ಕೆಳಗೆ ಚಿನ್ನಮ್ಮ. ಆ ಚೀಟಿಯೇ ಪುಟದ ಗುರುತಿಗೂ ಆಗುತ್ತದೆ. ಇನ್ನೊಂದು ತಪ್ಪು, ಗುತ್ತಿಯೇ ನಾಯಕನೆಂದು ತಿಳಿದು ಅವನಿಲ್ಲದ ಅಧ್ಯಾಯಗಳನ್ನು ಹಾರಿಸುವುದು. ಇಲ್ಲಿ ಒಬ್ಬ ನಾಯಕನಿಲ್ಲ. ಐತ–ಪೀಂಚಲು ಜೋಡಿಗೂ ನಾಯಿಗೂ ಮಳೆಗೂ ಗೌಡರಷ್ಟೇ ಜಾಗವಿದೆ. ಸಂಭಾಷಣೆಯನ್ನು ಬಾಯಿಬಿಟ್ಟು ಓದಿದರೆ ತೀರ್ಥಹಳ್ಳಿ ಸೀಮೆಯ ಆಡುಮಾತು ತಾನಾಗಿ ತಿಳಿಯಾಗುತ್ತದೆ. 2010ರಲ್ಲಿ ಮೈಸೂರಿನ ರಂಗಾಯಣ ಇದನ್ನು ರಾತ್ರಿಯಿಡೀ, ಒಂಬತ್ತು ಗಂಟೆಯ ನಾಟಕವಾಗಿ ಆಡಿತು. ಅಷ್ಟು ಜನ ರಾತ್ರಿ ಕಳೆದು ನೋಡಿದ ಕತೆಯನ್ನು ನೂರು ಪುಟಕ್ಕೇ ಮುಚ್ಚಿಡಬಾರದು.

ಕುಮಾರವ್ಯಾಸನ ಭಾರತವನ್ನು ಓದಬೇಕು ಎನ್ನುವವರು ಬಹಳ, ಓದುತ್ತಿರುವವರು ಕಡಿಮೆ. ಕಾರಣ ಹಳಗನ್ನಡವಲ್ಲ, ಅವನದು ನಡುಗನ್ನಡ. ಕಣ್ಣು ತಡವರಿಸುವುದು ಸಾಲು ಮುರಿಯುವ ಜಾಗದಲ್ಲಿ. ಮೊದಲ ಪದ್ಯದ ಮೊದಲ ಮೂರು ಸಾಲನ್ನೇ ನೋಡಿ:

ಶ್ರೀವನಿತೆಯರಸನೆ ವಿಮಲ ರಾ
ಜೀವ ಪೀಠನ ಪಿತನೆ ಜಗಕತಿ
ಪಾವನನೆ ಸನಕಾದಿ ಸಜ್ಜನನಿಕರ ದಾತಾರ

‘ರಾಜೀವ’ ಎನ್ನುವ ಪದ ಎರಡು ಸಾಲಿಗೆ ಹಂಚಿಹೋಗಿದೆ. ಇದು ಅಚ್ಚಿನ ತಪ್ಪಲ್ಲ, ಭಾಮಿನಿ ಷಟ್ಪದಿ ಎಂಬ ಆರು ಸಾಲಿನ ಪದ್ಯದ ಲೆಕ್ಕ. 1, 2, 4, 5ನೆಯ ಸಾಲುಗಳಲ್ಲಿ 3+4+3+4, ಅಂದರೆ 14 ಮಾತ್ರೆ (ಒಂದು ಹ್ರಸ್ವಾಕ್ಷರ ಹೇಳುವಷ್ಟು ಕಾಲ ಒಂದು ಮಾತ್ರೆ); 3 ಮತ್ತು 6ನೆಯ ಸಾಲಿನಲ್ಲಿ 3+4 ಮೂರು ಸಲ ಬಂದು ಕೊನೆಗೊಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ, ಒಟ್ಟು 23. ‘ಶ್ರೀವ, ನಿತೆಯರ, ಸನೆವಿ, ಮಲರಾ’ ಎಂದು ಬೆರಳು ಮಡಿಸಿ ಹೇಳಿಕೊಂಡರೆ ಲಯ ಸಿಗುತ್ತದೆ. ಎಲ್ಲ ಸಾಲಿನ ಎರಡನೆಯ ಅಕ್ಷರವೂ ‘ವ’ಕಾರ, ಅದು ಆದಿಪ್ರಾಸ, ಸಾಲು ಎಲ್ಲಿ ಶುರುವಾಯಿತು ಎಂಬುದನ್ನು ಕಿವಿಗೆ ತಿಳಿಸುವುದು ಅದೇ. ಹೀಗಾಗಿ ಒಂದು ಪದ್ಯವನ್ನು ಎರಡು ಸಲ ಓದಬೇಕು: ಮೊದಲು ಲಯಕ್ಕೆ, ಆಮೇಲೆ ಪದ ಬಿಡಿಸಿ ಅರ್ಥಕ್ಕೆ. ಎರಡನ್ನೂ ಒಟ್ಟಿಗೇ ಮಾಡಲು ಹೋದರೆ ಎರಡೂ ಕೈಗೆ ಹತ್ತುವುದಿಲ್ಲ. ಕಾವ್ಯವನ್ನು ರಾಗವಾಗಿ ಓದುವ ಗಮಕದಲ್ಲಿ ಒಬ್ಬರು ವಾಚಿಸಿ ಇನ್ನೊಬ್ಬರು ವ್ಯಾಖ್ಯಾನ ಮಾಡುವ ಪದ್ಧತಿಯಲ್ಲೂ ಈ ಕೆಲಸಗಳು ಬೇರೆ ಬೇರೆಯಾಗಿಯೇ ಇವೆ. ಪೀಠಿಕೆಯಿಂದ ಹೊರಡುವ ಹಟ ಬೇಡ. ಇರುವುದು ಹತ್ತು ಪರ್ವ; ವಿರಾಟಪರ್ವದಲ್ಲಿ ಉತ್ತರಕುಮಾರ ಹೆಂಗಸರ ಮುಂದೆ ಕೊಚ್ಚಿಕೊಳ್ಳುವ ಭಾಗದಿಂದ ಶುರುಮಾಡಿ. ಕತೆ ಮೊದಲೇ ಗೊತ್ತಿರುವುದರಿಂದ ಗಮನವೆಲ್ಲ ಮಾತಿನ ಕುಣಿತದ ಮೇಲೆ ನಿಲ್ಲುತ್ತದೆ, ನಗು ಕೂಡ ಬರುತ್ತದೆ. ಅಲ್ಲಿಂದ ಉದ್ಯೋಗಪರ್ವದಲ್ಲಿ ಕೃಷ್ಣ ಕರ್ಣನಿಗೆ ಅವನ ಹುಟ್ಟಿನ ಗುಟ್ಟು ಹೇಳುವ ಸಂದರ್ಭಕ್ಕೆ ಬನ್ನಿ. ಕನ್ನಡದಲ್ಲಿ ಇದಕ್ಕಿಂತ ಹೆಚ್ಚು ಎದೆ ಹಿಂಡುವ ಪದ್ಯಗಳು ಕಡಿಮೆ.

ಹೈಸ್ಕೂಲು ಮಕ್ಕಳು ಕೇಳಿದರೆ ತೇಜಸ್ವಿಯವರ ‘ಕರ್ವಾಲೊ’ (1980) ಕೊಡಿ, ಹಾರುವ ಓತಿಯ ಹುಡುಕಾಟ ಅವರನ್ನು ತಾನೇ ಎಳೆದುಕೊಂಡು ಹೋಗುತ್ತದೆ. ವರ್ಷಗಟ್ಟಲೆ ಓದು ಬಿಟ್ಟವರಿಗೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಒಳ್ಳೆಯದು, ಅದು ಒಂದು ಮಧ್ಯಾಹ್ನಕ್ಕೆ ಮುಗಿಯುತ್ತದೆ.

ಮುಂದಿನ ಕೂಟಕ್ಕೆ ವಿರಾಟಪರ್ವದ ಆ ಭಾಗದಿಂದ ಹತ್ತು ಪದ್ಯ. ಸಂಧಿ (ಅಂದರೆ ಪರ್ವದೊಳಗಿನ ಅಧ್ಯಾಯ), ಪದ್ಯದ ಸಂಖ್ಯೆಯ ಜೊತೆಗೆ ಪ್ರತಿ ಪದ್ಯದ ಮೊದಲ ಸಾಲನ್ನೂ ಬರೆದುಕೊಂಡು ಬಂದರೆ, ಬೇರೆ ಬೇರೆ ಮುದ್ರಣ ಹಿಡಿದವರೂ ಒಂದೇ ಜಾಗಕ್ಕೆ ಬಂದು ನಿಲ್ಲಬಹುದು.