ಎಷ್ಟು ಪುಟ ಇದೆ ಸಾರ್?

ಭಾನುವಾರದಿಂದ ಒಂದೇ ಪ್ರಶ್ನೆ ತಲೆಯಲ್ಲಿ ಸುತ್ತುತ್ತಿದೆ. "ಎಷ್ಟು ಪುಟ ಇದೆ ಸಾರ್ ಅದು?"

ನಮ್ಮ ಓದುಗುಂಪಿಗೆ ಮುಂದಿನ ಪುಸ್ತಕ ಆರಿಸಬೇಕಿತ್ತು. ಯೂನಿಯನ್ ಆಫೀಸಿನ ಮಹಡಿ, ಒಂಬತ್ತು ಜನ, ಒಂದು ಫ್ಯಾನು. ನಿವೃತ್ತ ಬ್ಯಾಂಕ್ ನೌಕರರೊಬ್ಬರು ಈ ಸಲವೂ ಮಾರ್ಕ್ಸ್‌ನ 'ಬಂಡವಾಳ'ವನ್ನೇ ಹಿಡಿದು ಕೂತಿದ್ದರು. ತುಂಬಾ ಒಳ್ಳೆಯವರು. ಆದರೆ ಅದನ್ನು ಓದದವರನ್ನು ಪೂರ್ತಿ ಮನುಷ್ಯರೆಂದು ಒಪ್ಪುವುದಿಲ್ಲ. ಪಿಎಚ್‌ಡಿ ಹುಡುಗ ಇಟಲಿಯ ಮಾರ್ಕ್ಸ್‌ವಾದಿ ಚಿಂತಕ ಗ್ರಾಮ್ಶಿ ಅಂದ. ಟೀ ತಡವಾದರೂ ಗ್ರಾಮ್ಶಿ ಅನ್ನುವವನು ಅವನು. ನಾನು ನಿರಂಜನರ ಕಾದಂಬರಿ 'ಚಿರಸ್ಮರಣೆ' ಅಂದೆ. ಜಮೀನ್ದಾರರ ವಿರುದ್ಧ ಎದ್ದ ಕಾಸರಗೋಡು ಕಡೆಯ ಕಯ್ಯೂರಿನ ರೈತರು, 1943ರಲ್ಲಿ ಗಲ್ಲಿಗೇರಿದ ನಾಲ್ವರು ಅಂತೆಲ್ಲ ಭಾಷಣವನ್ನೇ ಮಾಡಿದೆ. "ಕಥೆ ಮನೇಲಿ ಓದ್ಕೊಳ್ಳಿ" ಅಂದರು ಬ್ಯಾಂಕಿನವರು.

ಆಗಲೇ ಆ ಅಕ್ಕ 'ಬಂಡವಾಳ'ದ ಬಗ್ಗೆ ಆ ಪ್ರಶ್ನೆ ಕೇಳಿದ್ದು. ಗಾರ್ಮೆಂಟ್ಸ್‌ನಲ್ಲಿ ಟೈಲರ್. ಇಬ್ಬರು ನಕ್ಕರು. ಅದರಲ್ಲಿ ನಾನೂ ಒಬ್ಬಳು.

"ಸಾವಿರದ ಆಸುಪಾಸು" ಅಂದರು ಬ್ಯಾಂಕಿನವರು. ಅಕ್ಕ ಬೆರಳು ಮಡಿಚಿ ಲೆಕ್ಕ ಹಾಕಿದರು. "ಪಾತ್ರೆ ತೊಳೆದು ಮುಗ್ಸೋದೇ ರಾತ್ರಿ ಹತ್ತಕ್ಕೆ. ದಿನಕ್ಕೆ ನಾಲ್ಕು ಪುಟ ಆಗಬಹುದು. ಭಾನುವಾರ ಬಟ್ಟೆ ಒಗೀಬೇಕು, ಓದಕ್ಕಾಗಲ್ಲ. ಹತ್ತು ತಿಂಗಳಾಗುತ್ತೆ ಸಾರ್. ಪರವಾಗಿಲ್ವಾ?"

ಯಾರೂ ಮಾತಾಡಲಿಲ್ಲ.

ಪರೀಕ್ಷೆಗೆ ಓದುವ ಮಕ್ಕಳ ಪ್ರಶ್ನೆ ಅಂತ ನಕ್ಕಿದ್ದೆ. ಆಕೆ ಕೇಳಿದ್ದು ಟೈಮಿನ ಲೆಕ್ಕ. ಅವತ್ತು ರಾತ್ರಿ ಮನೆಗೆ ಬಂದು ಸುಮ್ನೆ 'ಬಂಡವಾಳ' ತೆಗೆದೆ. ಅದರಲ್ಲಿ ಕೆಲಸದ ಅವಧಿಯ ಬಗ್ಗೆಯೇ ಉದ್ದದ ಅಧ್ಯಾಯವಿದೆ. 1863ರಲ್ಲಿ ಲಂಡನ್‌ನಲ್ಲಿ ಸತ್ತ ಮೇರಿ ಆನ್ ವಾಕ್ಲಿ ಎಂಬ ಇಪ್ಪತ್ತು ವರ್ಷದ ಹುಡುಗಿ ಸಿಗುವುದು ಅಲ್ಲೇ. ಹೊಲಿಗೆಯವಳು. ದೊಡ್ಡ ಮನೆತನದ ಹೆಂಗಸರ ನೃತ್ಯಕೂಟದ ಡ್ರೆಸ್ ಮುಗಿಸಲು ಇಪ್ಪತ್ತಾರೂವರೆ ಗಂಟೆ ಬಿಡುವಿಲ್ಲದೆ ಕೂತಿದ್ದಳು. ಒಂದೊಂದು ಕೋಣೆಗೆ ಮೂವತ್ತು ಹುಡುಗಿಯರು, ಗಾಳಿ ಇಲ್ಲ. ಇಷ್ಟು ವರ್ಷ 'ಬಂಡವಾಳ, ಬಂಡವಾಳ' ಅಂದ ನಮ್ಮ ಬ್ಯಾಂಕಿನವರು ಒಂದು ದಿನವೂ ಈ ಹುಡುಗಿಯ ಹೆಸರೆತ್ತಿಲ್ಲ. ಅವರದು ಯಾವಾಗಲೂ ಸರಕಿನ ಮೊದಲ ಅಧ್ಯಾಯ. ಅಲ್ಲಿಂದ ಶುರುವಾಗಿ ಅಲ್ಲೇ ಮುಗಿಯುತ್ತದೆ.

ನಮ್ಮ ರಾಜ್ಯದಲ್ಲೇ 2023ರಲ್ಲಿ ಕಾನೂನು ತಿದ್ದಿ, ವಾರಕ್ಕೆ 48 ಗಂಟೆ ಮೀರದ ಹಾಗೆ ದಿನಕ್ಕೆ 12 ಗಂಟೆವರೆಗೆ ದುಡಿಸಬಹುದು ಅಂತ ಮಾಡಿದರು. ಅದರ ವಿರುದ್ಧ ನಾವು ಕರಪತ್ರ ಬರೆದಿದ್ದೆವು. ಓದುವವರಿಗೆ ಓದಲು ಯಾವ ಗಂಟೆ ಉಳಿದಿದೆ ಅಂತ ಮಾತ್ರ ಕೇಳಿರಲಿಲ್ಲ. 2016ರ ಏಪ್ರಿಲ್‌ನಲ್ಲಿ ಪಿಎಫ್ ದುಡ್ಡು ತೆಗೆಯುವ ನಿಯಮ ಬದಲಾಯಿಸಿದ್ದರ ವಿರುದ್ಧ ಬೆಂಗಳೂರಿನ ರಸ್ತೆಗಿಳಿದ ಸಾವಿರಾರು ಹೆಂಗಸರಲ್ಲಿ ಈ ಅಕ್ಕನೂ ಇದ್ದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ನಿಯಮ ಹಿಂದಕ್ಕೆ ತೆಗೆದುಕೊಂಡಿತು. ನಮ್ಮ ಗುಂಪು ಓದಿ ಓದಿ ಯಾವ ಸರ್ಕಾರವನ್ನೂ ಒಂದಿಂಚು ಅಲುಗಿಸಿದ್ದು ನನಗೆ ನೆನಪಿಲ್ಲ.

ಆ ಭಾನುವಾರದ ಸಭೆಯಲ್ಲೇ ಕೊನೆಗೆ ಯಾರೋ ಅಂಬೇಡ್ಕರರ 'ಜಾತಿ ವಿನಾಶ' ಅಂದರು. "ಮೊದಲು ವರ್ಗ, ಆಮೇಲೆ ಜಾತಿ" ಅಂತ ಪಿಎಚ್‌ಡಿ ಹುಡುಗ ಹಳೇ ರಾಗ ತೆಗೆದ. ನಾನು ಅಕ್ಕನಿಗೆ ಅದರ ಕಥೆ ಹೇಳಿದೆ. 1936ರಲ್ಲಿ ಲಾಹೋರಿನ ಜಾತಿ ವಿರೋಧಿ ಸಂಘವೊಂದು ಅಂಬೇಡ್ಕರರನ್ನು ಅಧ್ಯಕ್ಷ ಭಾಷಣಕ್ಕೆ ಕರೆಯಿತು. ಬರೆದದ್ದನ್ನು ನೋಡಿ ಗಾಬರಿಯಾಗಿ, ಕೆಲವು ಮಾತು ತೆಗೆಯಿರಿ ಅಂದಿತು. ಅವರು ಒಂದು ಅಲ್ಪವಿರಾಮವನ್ನೂ ಬದಲಿಸುವುದಿಲ್ಲ ಅಂದರು. ಸಮಾವೇಶವೇ ರದ್ದಾಯಿತು. ಅವರು ತಮ್ಮ ದುಡ್ಡಲ್ಲೇ ಅಚ್ಚು ಹಾಕಿಸಿದರು. ಜಾತಿ ಕೆಲಸವನ್ನಷ್ಟೇ ಹಂಚುವುದಿಲ್ಲ, ಕೆಲಸಗಾರರನ್ನೇ ಬೇರೆ ಬೇರೆ ಮಾಡುತ್ತದೆ ಅನ್ನುವುದು ಅದರಲ್ಲೇ ಇದೆ.

"ಹೌದಲ್ಲ, ನಮ್ಮಲ್ಲಿ ಮಧ್ಯಾಹ್ನ ಡಬ್ಬಿ ಬಿಚ್ಚೋವಾಗ ನೋಡ್ಬೇಕು" ಅಂದರು ಅಕ್ಕ. "ಒಂದೇ ಲೈನಿನ ಮಿಷನ್ನು, ಊಟಕ್ಕೆ ಮೂರು ಗುಂಪು." ಆಮೇಲೆ ಸ್ವಲ್ಪ ಸುಮ್ಮನಿದ್ದು, "ಕರೆದೋರೇ ಬೇಡ ಅಂದ ಭಾಷಣವಾ? ಅದನ್ನೇ ಓದೋಣ" ಅಂದರು.

ನನ್ನ ಪ್ರತಿ ಅವರಿಗೇ ಕೊಟ್ಟೆ. ಮೊದಲು ಕೊನೇ ಪುಟ ತೆಗೆದು ನಂಬರ್ ನೋಡಿಕೊಂಡರು. ಬಸ್ ಸ್ಟಾಪಿನವರೆಗೆ ಜೊತೆಗೇ ನಡೆದೆ. ನಕ್ಕಿದ್ದರ ಬಗ್ಗೆ ಏನಾದರೂ ಹೇಳಬೇಕು ಅಂದುಕೊಳ್ಳುತ್ತಲೇ ಇದ್ದೆ. ಅಷ್ಟರಲ್ಲಿ ಬಸ್ಸು ಬಂತು.