ಬಾಗಿಲು ತೆಗೆದವನ ಹೆಸರು ಹೇಳು ನೋಡೋಣ

ನಮ್ಮ ಬೀದಿಯ ಕನ್ನಡದ ಹುಡುಗನೊಬ್ಬ, ಹತ್ತು ವರ್ಷದವನು, ಬೆನ್ನ ಮೇಲೆ 45 ಎಂದು ಬರೆದ ಕೆಂಪಂಗಿ ತೊಟ್ಟು ಪಕ್ಕದ ಮನೆಯ ಹಿರಿಯರನ್ನು ಕೇಳಿದ: "ಒಹಾಯೊ ಸ್ಟೇಟ್‌ನಲ್ಲಿ ಎಲ್ಲರಿಗಿಂತ ದೊಡ್ಡ ಆಟಗಾರ ಆರ್ಚಿ ಗ್ರಿಫಿನ್ ತಾನೇ?" ಅವರು ಎಲೆ ಗುಡಿಸುವುದನ್ನು ನಿಲ್ಲಿಸಲಿಲ್ಲ. "ಆರ್ಚಿ ಓಡಿದ್ದನ್ನ ಎಲ್ಲರೂ ನೋಡಿದ್ದಾರೆ ಮಗೂ. ಅವನಿಗೆ ಬಾಗಿಲು ತೆಗೆದವನ ಹೆಸರು ಹೇಳು ನೋಡೋಣ."

ಹುಡುಗನಿಗೆ ಗೊತ್ತಿರಲಿಲ್ಲ. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಪಂದ್ಯವಿರುವ ಶನಿವಾರ ಕೆಂಪು ಬಟ್ಟೆ ತೊಟ್ಟು ಬೀದಿಗಿಳಿಯುವ ಅಮೆರಿಕದ ಈ ಕೊಲಂಬಸ್‌ನಲ್ಲಿ ಎಷ್ಟೋ ದೊಡ್ಡವರಿಗೂ ಗೊತ್ತಿರಲಾರದು. ಹೆಸರು ಜಾನ್ ಹಿಕ್ಸ್. ಒಂದು ಕಾಲೇಜು ತಂಡದ ನೂರು ವರ್ಷದಲ್ಲಿ ಶ್ರೇಷ್ಠ ಯಾರು ಅನ್ನುವ ವಾದ ಎಲ್ಲಿ ದಾರಿ ತಪ್ಪುತ್ತದೆ ಅನ್ನುವುದು ಆ ಒಂದು ಪ್ರಶ್ನೆಯಲ್ಲೇ ಇದೆ.

ಕರ್ನಾಟಕದಲ್ಲಿರುವವರಿಗೆ ಎರಡು ಮಾತು. ಇಲ್ಲಿ ಫುಟ್‌ಬಾಲ್ ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆಟ. ಒಂದು ಕಡೆಗೆ ಹನ್ನೊಂದು ಜನ. ಹತ್ತು ಗಜ ದಾಟಲು ನಾಲ್ಕು ಅವಕಾಶ. ಚೆಂಡು ಹಿಡಿದು ಓಡುವವನು ರನ್ನಿಂಗ್ ಬ್ಯಾಕ್, ಎಸೆಯುವವನು ಕ್ವಾರ್ಟರ್‌ಬ್ಯಾಕ್. ಇವರ ಮುಂದೆ ಐದು ಜನ ಸಾಲಾಗಿ ನಿಲ್ಲುತ್ತಾರೆ. ಚೆಂಡು ಎತ್ತಿಕೊಂಡು ಓಡುವುದು ಅವರ ಕೆಲಸವಲ್ಲ, ಎದುರಿನವರನ್ನು ತಳ್ಳುವುದು, ತಡೆಯುವುದು. ಆ ಸಾಲಿನ ಎರಡು ತುದಿಯಲ್ಲಿರುವವರು ಟ್ಯಾಕಲ್‌ಗಳು. ಹಿಕ್ಸ್ ಅಂಥವನು.

ಗ್ರಿಫಿನ್ ಪರವಾದ ವಾದ ಬಲವಾದದ್ದೇ. ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯನ್ನು ಎರಡು ಸಲ, 1974 ಮತ್ತು 1975ರಲ್ಲಿ, ಗೆದ್ದವನು ಅವನೊಬ್ಬನೇ. 1972ರಿಂದ ನಾಲ್ಕು ವರ್ಷ 867, 1,577, 1,695, 1,450 ಗಜ ಓಡಿದ. ಒಟ್ಟು 5,589. ನಾಲ್ಕು ವರ್ಷವೂ ತಂಡ ಋತುವಿನ ಕೊನೆಯ ದೊಡ್ಡ ಪಂದ್ಯವಾದ ರೋಸ್ ಬೌಲ್ ಆಡಿತು. ಬದ್ಧ ವೈರಿ ಮಿಶಿಗನ್ ಎದುರು ಮೂರು ಗೆಲುವು, 10-10ರ ಒಂದು ಡ್ರಾ, ಸೋಲೇ ಇಲ್ಲ. ಹುಟ್ಟೂರು ಇದೇ ಕೊಲಂಬಸ್. ಜೊತೆಗೆ ಕಾಲವೂ ಕೂಡಿಬಂದಿತ್ತು: ಮೊದಲ ವರ್ಷದ ವಿದ್ಯಾರ್ಥಿಗಳು ಮುಖ್ಯ ತಂಡದಲ್ಲಿ ಆಡಬಹುದು ಎಂಬ ನಿಯಮ ಬಂದದ್ದು 1972ರಲ್ಲೇ. ಅವನು ಎರಡು ವರ್ಷ ಮೊದಲು ಸೇರಿದ್ದರೆ 867 ಗಜ ಲೆಕ್ಕದಿಂದ ಹೋಗುತ್ತಿತ್ತು. ಆ ವರ್ಷದ ಮೊದಲ ಪಂದ್ಯದಲ್ಲಿ ಕೈಗೆ ಸಿಕ್ಕ ಒಂದೇ ಚೆಂಡನ್ನು ಕೆಡವಿದ್ದ ಹುಡುಗ ಎರಡನೇ ಪಂದ್ಯದಲ್ಲಿ ನಾರ್ತ್ ಕ್ಯಾರೊಲೈನಾ ವಿರುದ್ಧ 239 ಗಜ ಓಡಿ ವಿಶ್ವವಿದ್ಯಾಲಯದ ದಾಖಲೆಯನ್ನೇ ಮುರಿದ.

ಆದರೆ ಅಂಕಿ ಹಿಡಿದು ವಾದಿಸುವವರು ಒಂದು ಕಡೆ ಎಡವುತ್ತಾರೆ. ಋತುವಿನ ಮಾಮೂಲು ಪಂದ್ಯಗಳು ಮುಗಿದ ಮೇಲೆ ಆಡುವ ಬೌಲ್ ಪಂದ್ಯಗಳ ಅಂಕಿಯನ್ನು ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎ ಒಟ್ಟಿಗೆ ಸೇರಿಸತೊಡಗಿದ್ದು 2002ರಿಂದ ಮಾತ್ರ. ಗ್ರಿಫಿನ್‌ನ ನಾಲ್ಕು ರೋಸ್ ಬೌಲ್ ಓಟ 95, 149, 75, 93 ಗಜ, ಕೂಡಿದರೆ 412. ಅದನ್ನು ಕಳೆದರೆ ಉಳಿಯುವುದು 5,177. ಇಂದಿನ ಓಟಗಾರನ ಪಕ್ಕದಲ್ಲಿ ಅವನನ್ನು ನಿಲ್ಲಿಸುವುದಾದರೆ 5,589 ಹಿಡಿಯಬೇಕು, ಇಂದಿನವರಿಗೆ ಬೌಲ್ ಸೇರಿರುವುದರಿಂದ. ಅವನ ಕಾಲದವರ ಪಕ್ಕದಲ್ಲಾದರೆ ಎರಡೂ ಕಡೆ ಬೌಲ್ ಬಿಡಬೇಕು, ಇಲ್ಲವೇ ಎರಡೂ ಕಡೆ ಸೇರಿಸಬೇಕು.

ಅವನ ಇನ್ನೊಂದು ದೊಡ್ಡ ದಾಖಲೆಗೂ ಇದೇ ಅಳತೆ. ಸತತ 31 ಪಂದ್ಯಗಳಲ್ಲಿ ನೂರು ಗಜಕ್ಕೂ ಹೆಚ್ಚು ಓಡಿದ ಅನ್ನುತ್ತಾರೆ: 1973ರ ಹತ್ತು, 1974ರ ಹನ್ನೊಂದು, 1975ರ ಮೊದಲ ಹತ್ತು. ಕೊನೆಗೆ ಮಿಶಿಗನ್ ಅವನನ್ನು 46 ಗಜಕ್ಕೆ ಕಟ್ಟಿಹಾಕಿತು. ಆದರೆ ಈ ಸರಣಿಯ ನಡುವೆ 1975ರ ಜನವರಿಯ ರೋಸ್ ಬೌಲ್ ಇದೆ, ಅಲ್ಲಿ ಓಡಿದ್ದು 75 ಗಜ. ಬೌಲ್ ಸೇರಿಸಿದರೆ ಸರಣಿ 22ಕ್ಕೇ ಮುರಿಯುತ್ತದೆ. ಒಟ್ಟು ಗಜಕ್ಕೆ ಬೌಲ್ ಬೇಕು, ಸರಣಿಗೆ ಬೇಡ ಅಂದರೆ ಒಂದೇ ಅಂಗಡಿಯಲ್ಲಿ ಎರಡು ತಕ್ಕಡಿ ಇಟ್ಟಂತೆ. ಇದು ಗ್ರಿಫಿನ್‌ನನ್ನು ಕೆಳಗಿಳಿಸಲು ಹೇಳುತ್ತಿರುವುದಲ್ಲ. 22 ಅಂದರೂ ಎರಡು ಋತು ಪೂರ್ತಿ.

ಅವನ ಎರಡನೇ ಹೈಸ್‌ಮನ್ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಬೇರೆ. ಪತ್ರಕರ್ತರೂ ಹಿಂದಿನ ವಿಜೇತರೂ ಮೂರು ಹೆಸರನ್ನು ಕ್ರಮವಾಗಿ ಬರೆದು ಕಳಿಸುತ್ತಾರೆ. ಮೊದಲಿನದಕ್ಕೆ ಮೂರು ಅಂಕ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಒಂದು. ದೂರದಲ್ಲಿದ್ದು ಮತ ಹಾಕುವವರಿಗೆ ಪರಿಚಿತ ಹೆಸರೇ ಮೊದಲು ನೆನಪಾಗುತ್ತದೆ. ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್. 1975ರಲ್ಲಿ ಗ್ರಿಫಿನ್ ಓಡಿ ಗಳಿಸಿದ ಟಚ್‌ಡೌನ್ ನಾಲ್ಕೇ. ಗೆರೆಯ ಹತ್ತಿರ ಚೆಂಡು ಹೋಗುತ್ತಿದ್ದದ್ದು ದೈತ್ಯ ದೇಹದ ಪೀಟ್ ಜಾನ್ಸನ್ ಕೈಗೆ. ಅವನು 25 ಟಚ್‌ಡೌನ್ ಓಡಿದ. ಆ ವರ್ಷ ತಂಡ ಆಡುವ ಬಿಗ್ ಟೆನ್ ಲೀಗ್‌ನ ಅತ್ಯಮೂಲ್ಯ ಆಟಗಾರನ ಗೌರವ ಅದೇ ತಂಡದ ಕ್ವಾರ್ಟರ್‌ಬ್ಯಾಕ್ ಕಾರ್ನೀಲಿಯಸ್ ಗ್ರೀನ್‌ಗೆ ಸಂದಿತು. ಹತ್ತಿರದಿಂದ ಕಂಡವರ ಲೆಕ್ಕ ದೂರದವರ ಲೆಕ್ಕಕ್ಕೆ ಹೊಂದಲಿಲ್ಲ.

ಈಗ ಹಿಕ್ಸ್. 1973ರ ಹೈಸ್‌ಮನ್ ಮತದಾನದಲ್ಲಿ ಗೆದ್ದವನು ಪೆನ್ ಸ್ಟೇಟ್‌ನ ಜಾನ್ ಕ್ಯಾಪಲೆಟಿ. ಎರಡನೇ ಸ್ಥಾನ ಹಿಕ್ಸ್‌ಗೆ, ಐದನೆಯದು ಗ್ರಿಫಿನ್‌ಗೆ, ಆರನೆಯದು ರಕ್ಷಣೆಯ ಸಾಲಿನ ಹಿಂದೆ ನಿಲ್ಲುವ ಲೈನ್‌ಬ್ಯಾಕರ್ ರ‍್ಯಾಂಡಿ ಗ್ರಾಡಿಶಾರ್‌ಗೆ. ಮೂವರೂ ಒಂದೇ ತಂಡದವರು! ಮತ ಹರಿದು ಹಂಚಿಹೋದರೂ ಆ ವರ್ಷದ ಮತದಾರರು ಓಡಿದವನಿಗಿಂತ ಬಾಗಿಲು ತೆಗೆದವನನ್ನು ಮೂರು ಮೆಟ್ಟಿಲು ಮೇಲೆ ಕೂರಿಸಿದ್ದರು. ಟ್ಯಾಕಲ್‌ಗಳಿಂದಲೂ ಆಚೆಗೆ ನಿಲ್ಲುವ ಎಂಡ್‌ಗಳು ಗೆದ್ದದ್ದುಂಟು, ಆದರೆ ಆ ಐವರ ಸಾಲಿನವನೊಬ್ಬ ಹೈಸ್‌ಮನ್ ಗೆದ್ದದ್ದು ಇವತ್ತಿನವರೆಗೂ ಇಲ್ಲ.

ಹಾಗಾದರೆ ತಳ್ಳುವವನನ್ನು ಅಳೆಯುವುದು ಹೇಗೆ? ಗಜವಿಲ್ಲ, ಅಂಕವಿಲ್ಲ. ಕಣ್ಣಿನಲ್ಲೇ ಅಳೆಯಬೇಕು, ಅದಕ್ಕೆ ಒಂದು ಅಭ್ಯಾಸ ಬೇಕು. ಚೆಂಡು ಹಿಂದಕ್ಕೆ ಬಂದ ಕೂಡಲೇ ಚೆಂಡನ್ನು ಬಿಡಿ, ಎಡ ತುದಿಯ ಟ್ಯಾಕಲ್‌ನ ಪಾದ ನೋಡಿ. ಓಟದ ಆಟವಾದರೆ ಮೊದಲ ಹೆಜ್ಜೆ ಗೇಣಿಗಿಂತ ಚಿಕ್ಕದಿರಬೇಕು. ದೊಡ್ಡ ಹೆಜ್ಜೆ ಇಟ್ಟವನು ಒಂದು ಕ್ಷಣ ಒಂಟಿಗಾಲಿನಲ್ಲಿರುತ್ತಾನೆ, ಎದುರಿನವನು ಆಗಲೇ ಗುದ್ದುತ್ತಾನೆ. ಸೊಂಟ ಎದುರಿನವನ ಸೊಂಟಕ್ಕಿಂತ ಕೆಳಗೆ, ಎರಡೂ ಅಂಗೈ ಅವನ ಎದೆಗೆ, ಹೆಬ್ಬೆರಳು ಮೇಲಕ್ಕೆ. ತಾಗಿದ ಮೇಲೆ ಕಾಲು ನಿಲ್ಲಕೂಡದು. ಕೈ ಭುಜದ ಹೊರಗೆ ಜಾರಿತೋ, ಅಂಗಿ ಹಿಡಿದಂತೆ ಕಾಣುತ್ತದೆ, ಹತ್ತು ಗಜ ದಂಡ.

ಎಸೆತದ ಆಟವಾದರೆ ಹಿಂದಕ್ಕೆ ಜಾರಬೇಕು. ಹೊರಗಾಲು ಹಿಂದೆ, ಒಳಗಾಲು ಅದರ ಹಿಂದೆಯೇ ನೆಲ ಸವರಿಕೊಂಡು, ಕಾಲು ಕತ್ತರಿಯಾಗದಂತೆ. ಇಲ್ಲಿ ಎರಡು ತಪ್ಪು ಮತ್ತೆ ಮತ್ತೆ ಕಾಣುತ್ತವೆ. ಗಾಬರಿಯಿಂದ ಹೊರಗಡೆಗೆ ಬೇಗ ತಿರುಗಿದರೆ ಒಳದಾರಿ ತೆರೆದುಕೊಳ್ಳುತ್ತದೆ. ಮುಂದಕ್ಕೆ ವಾಲಿದರೆ ಎದುರಿನವನು ತೋಳು ಕೆಳಗೆಳೆದು ಈಜುವವನ ಹಾಗೆ ಮೇಲಿಂದ ದಾಟಿಬಿಡುತ್ತಾನೆ. ಬಲಗೈಯಲ್ಲಿ ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಎಡಗಡೆ ಬೆನ್ನ ಹಿಂದಾಗುತ್ತದೆ, ಬರುವ ಏಟು ಕಾಣುವುದಿಲ್ಲ. ಆದ್ದರಿಂದಲೇ ಎಡ ಟ್ಯಾಕಲ್‌ಗೆ ಅಷ್ಟು ಬೆಲೆ.

ಈ ಜಾಗದಲ್ಲಿ 1994ರಿಂದ 1996ರವರೆಗೆ ನಿಂತವನು ಒರ್ಲ್ಯಾಂಡೊ ಪೇಸ್, ಒಹಾಯೊದ ಸ್ಯಾಂಡಸ್ಕಿ ಊರಿನವನು. ಆಗ ಸಾಲಿನ ಆಟಗಾರರಿಗೂ ಲೈನ್‌ಬ್ಯಾಕರ್‌ಗಳಿಗೂ ಕೊಡುತ್ತಿದ್ದ ಲೊಂಬಾರ್ಡಿ ಪ್ರಶಸ್ತಿಯನ್ನು ಎರಡು ಸಲ ಗೆದ್ದ ಮೊದಲಿಗ, 1995 ಮತ್ತು 1996ರಲ್ಲಿ. ಕೊನೆಯ ಎರಡು ಋತುಗಳಲ್ಲಿ ಅವನ ಕಡೆಯಿಂದ ಕ್ವಾರ್ಟರ್‌ಬ್ಯಾಕ್ ಮೇಲೆ ಒಬ್ಬನೂ ಬೀಳಲಿಲ್ಲ. ಎದುರಿನವನ ಬೆನ್ನು ನೆಲಕ್ಕೆ ಹತ್ತುವಂತೆ ಮಗುಚಿಹಾಕುವುದಕ್ಕೆ ಇಲ್ಲಿ ಪ್ಯಾನ್‌ಕೇಕ್ ಅನ್ನುತ್ತಾರೆ, ದೋಸೆ ಮಗುಚಿದ ಹಾಗೆ. ಆ ಮಾತು ಮನೆಮಾತಾಗಲು ಅವನೂ ಕಾರಣ. 1996ರ ಹೈಸ್‌ಮನ್‌ನಲ್ಲಿ ನಾಲ್ಕನೆಯವನಾದ. 1995ರಲ್ಲಿ ಎಡ್ಡಿ ಜಾರ್ಜ್ ಬೌಲ್ ಸೇರಿ 1,927 ಗಜ ಓಡಿ, ಇಲಿನಾಯ್ ಎದುರು ಒಂದೇ ದಿನ 314 ಗಜ ಓಡಿ ಹೈಸ್‌ಮನ್ ಎತ್ತಿಕೊಂಡಾಗ ಎಡಗಡೆಯ ಬಾಗಿಲು ಪೇಸ್‌ನ ಕೈಯಲ್ಲಿತ್ತು.

ಪೇಸ್ ಆಡಿದ್ದು ಮೂರೇ ವರ್ಷ, ಗ್ರಿಫಿನ್ ನಾಲ್ಕು ಅನ್ನುವ ಆಕ್ಷೇಪ ನ್ಯಾಯವಾದದ್ದು. ಆಮೇಲೆ ವೃತ್ತಿಪರ ಲೀಗ್‌ನಲ್ಲಿ ಪೇಸ್ ಮೆರೆದದ್ದನ್ನೂ ಗ್ರಿಫಿನ್ ಅಷ್ಟಾಗಿ ಮಿಂಚದೆ ಹೋದದ್ದನ್ನೂ ಇಲ್ಲಿ ತರಬಾರದು. ಕಾಲೇಜಿನ ಅಂಗಿ ತೊಟ್ಟಾಗ ಏನು ಮಾಡಿದ ಅನ್ನುವುದಷ್ಟೇ ಲೆಕ್ಕ. ಎಜೆಕಿಯಲ್ ಎಲಿಯಟ್ 2014ರ ಋತುವಿನ ಕೊನೆಯ ಮೂರು ಪಂದ್ಯದಲ್ಲಿ 220, 230, 246 ಗಜ ಓಡಿ ರಾಷ್ಟ್ರೀಯ ಕಿರೀಟ ತಂದುಕೊಟ್ಟ. ಅಂಥ ಒಂದು ತಿಂಗಳು ಗ್ರಿಫಿನ್‌ಗೂ ಬರಲಿಲ್ಲ. ಆದರೂ ತಿಂಗಳು ತಿಂಗಳೇ, ವರ್ಷ ವರ್ಷವೇ.

ಇನ್ನು ಕಾಲದ ಅಂತರ. ಹಿಂದಿನವರು ದಾಳಿಗೂ ರಕ್ಷಣೆಗೂ ತಾವೇ ನಿಲ್ಲುತ್ತಿದ್ದರು, ಒದೆಯುವುದೂ ಅವರೇ. 1950ರ ಹೈಸ್‌ಮನ್ ವಿಜೇತ ವಿಕ್ ಜಾನೊವಿಚ್ ಅದೇ ನವೆಂಬರ್‌ನಲ್ಲಿ ಹಿಮದ ಬಿರುಗಾಳಿಯಲ್ಲಿ ಮಿಶಿಗನ್ ಎದುರು 21 ಸಲ ಚೆಂಡು ಒದ್ದ. ತಂಡ 9-3ರಿಂದ ಸೋತಿತು, ಆ ಮೂರು ಅಂಕವೂ ಅವನ ಕಾಲಿನದೇ. ಅವನಿಗೂ ಹಿಂದೆ ಚಿಕ್ ಹಾರ್ಲಿ. ಅವನೂ ಕೊಲಂಬಸ್‌ನ ಹುಡುಗ. 1916, 1917, 1919 ಆಡಿದ. ಅವನಿದ್ದಾಗ ತಂಡ ಸೋತದ್ದು ಒಂದೇ ಪಂದ್ಯ, ಅವನ ಕೊನೆಯದು, ಇಲಿನಾಯ್ ಎದುರು 9-7. ಒಹಾಯೊ ಸ್ಟೇಟ್ ಮಿಶಿಗನ್‌ನನ್ನು ಮೊಟ್ಟಮೊದಲು ಸೋಲಿಸಿದ್ದು 1919ರಲ್ಲಿ, ಆ ದಿನ ಅವನು ಎದುರಾಳಿಯ ನಾಲ್ಕು ಎಸೆತ ಕಸಿದುಕೊಂಡ. ಅವನನ್ನು ನೋಡಲು ಬಂದವರಿಗೆ ಹಳೆಯ ಮೈದಾನ ಸಾಲದೇ ಹೋಗಿ 1922ರಲ್ಲಿ ಕುದುರೆಲಾಳದ ಆಕಾರದ ಈಗಿನ ಕ್ರೀಡಾಂಗಣ ಎದ್ದಿತು. ಹಾರ್ಲಿ ಕಟ್ಟಿದ ಮನೆ ಎಂದೇ ಅದಕ್ಕೆ ಹೆಸರು. ಅಲ್ಲಿ ಅವನು ಕಾಲೇಜಿಗಾಗಿ ಒಂದು ಪಂದ್ಯವನ್ನೂ ಆಡಲಿಲ್ಲ. ಮನಸ್ಸಿನ ಕಾಯಿಲೆ ಹತ್ತಿ, ಬದುಕಿನ ಬಹುಪಾಲು ಇಲಿನಾಯ್‌ನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಕಳೆಯಿತು.

ಇದನ್ನೆಲ್ಲ ಇಷ್ಟು ಬಿಡಿಸಿ ಹೇಳಲು ಆಗುವುದು ಇಲ್ಲಿ ಬರೆದಿಟ್ಟಿರುವುದರಿಂದ. ಕ್ರೀಡಾಂಗಣದ ಪಕ್ಕದಲ್ಲಿ ಒಂದು ತೋಪು ಇದೆ. ತಂಡದವನೊಬ್ಬ ದೇಶದ ಶ್ರೇಷ್ಠ ಕಾಲೇಜು ಆಟಗಾರರ ಪಟ್ಟಿಯಾದ ಅಖಿಲ ಅಮೆರಿಕ ಮೊದಲ ತಂಡಕ್ಕೆ ಆಯ್ಕೆಯಾದರೆ ಅವನ ಹೆಸರಿನಲ್ಲಿ ಅಲ್ಲೊಂದು ಬಕೈ ಗಿಡ ನೆಡುತ್ತಾರೆ, 1934ರಿಂದ. ಓಡಿದವನಿಗೂ ಒಂದು, ತಳ್ಳಿದವನಿಗೂ ಒಂದು.

ನಮ್ಮಲ್ಲಿ ಪ್ರಸನ್ನ ಮೈಸೂರಿನ ಎನ್‌ಐಇಯಲ್ಲಿ ಓದಿದರು, ಶ್ರೀನಾಥ್ ಅದೇ ಊರಿನ ಎಸ್‌ಜೆಸಿಇಯಲ್ಲಿ, ಕುಂಬ್ಳೆ ಬೆಂಗಳೂರಿನ ಆರ್‌ವಿಯಲ್ಲಿ. ಮೂವರ ಟೆಸ್ಟ್ ವಿಕೆಟ್ ಬೆರಳ ತುದಿಯಲ್ಲಿ ಹೇಳುವ ನಾವು, ಅವರು ಕಾಲೇಜಿನ ಪರ ಎಷ್ಟು ಕಿತ್ತರು ಅಂದರೆ ಸುಮ್ಮನಾಗುತ್ತೇವೆ. ಅಂತರ ಕಾಲೇಜು ಪಂದ್ಯದ ಸ್ಕೋರ್ ಪುಸ್ತಕ ಹಳೆಯ ಬೀರುವಿನಲ್ಲಿ ಗೆದ್ದಲಿಗೆ ಸಿಕ್ಕುತ್ತದೆ, ಇಲ್ಲವೇ ರದ್ದಿಗೆ ಹೋಗುತ್ತದೆ. ಕಾಲ್ಚೆಂಡಿನ ಕಥೆ ಇನ್ನೂ ನೋವಿನದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. 2023ರ ಮಾರ್ಚ್‌ನಲ್ಲಿ ಕರ್ನಾಟಕ 54 ವರ್ಷದ ನಂತರ ಸಂತೋಷ್ ಟ್ರೋಫಿ ಗೆದ್ದಾಗ, ಹಿಂದೆ ಗೆದ್ದ ಮೈಸೂರು ತಂಡದ ಹನ್ನೊಂದು ಜನರ ಹೆಸರನ್ನು ಎಷ್ಟು ಮನೆಯಲ್ಲಿ ಹೇಳಬಲ್ಲವರಿದ್ದರು? ಚಂದ್ರಶೇಖರ್ ಕೈಯಿಂದ ಬಂದ ಚೆಂಡು ಯಾವ ಕಡೆ ಹೊರಳುತ್ತದೋ ತಿಳಿಯದಿದ್ದಾಗ ವಿಕೆಟ್ ಹಿಂದೆ ಕೂತಿದ್ದ ಕಿರ್ಮಾನಿಯವರನ್ನು ಕರ್ನಾಟಕದ ಶ್ರೇಷ್ಠರ ಮಾತು ಬಂದಾಗ ನಾವು ಎಷ್ಟನೆಯವರಾಗಿ ಹೇಳುತ್ತೇವೆ? ಬೇಲಿಯಾಚೆಯ ಹಿರಿಯರ ಪ್ರಶ್ನೆ ನಮಗೂ ಹೊಂದುತ್ತದೆ.

ನನ್ನ ತೀರ್ಮಾನ ಹೇಳಿಬಿಡುತ್ತೇನೆ. ತನ್ನ ಜಾಗದಲ್ಲಿ ಯಾರೂ ಮೀರದಂತೆ ಆಡಿದವನು ಪೇಸ್. ತಂಡಕ್ಕೆ ಅತಿ ಹೆಚ್ಚು ಕೊಟ್ಟವನು ಹಾರ್ಲಿ, ಅವನಿಲ್ಲದೆ ಆ ಕ್ರೀಡಾಂಗಣವೇ ಇಲ್ಲ. ಗ್ರಿಫಿನ್ ಮೂರನೆಯವನು.

ಹಾರ್ಲಿ ತೀರಿಕೊಂಡದ್ದು 1974ರ ಏಪ್ರಿಲ್‌ನಲ್ಲಿ. ಅವನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರು ಆಗಿನ ತಂಡದ ನಾಯಕರು. ಅವರಲ್ಲಿ ಒಬ್ಬ ಆರ್ಚಿ ಗ್ರಿಫಿನ್, ಮೊದಲ ಹೈಸ್‌ಮನ್ ಗೆಲ್ಲಲು ಇನ್ನೂ ಕೆಲವು ತಿಂಗಳಿತ್ತು.